ವೀರಗಲ್ಲಿನಿಂದ ಫ್ಲೆಕ್ಸಿನವರೆಗೆ: ಗುತ್ತಲ ಸೀಮೆಯಲ್ಲಿ ರಾಜಕೀಯ ಅನುಯಾಯಿತ್ವ

ನಾಯಕನ ಬಿಂಬವೇ ಅನುಯಾಯಿಗಳನ್ನು ಹುಟ್ಟಿಸುತ್ತದೆ ಎಂಬ ಗ್ರಹಿಕೆ ಇಂದಿನ ರಾಜಕಾರಣದ ಚರ್ಚೆಗಳಲ್ಲಿ ಬೇರೂರಿದೆ. ಆ ಬಿಂಬದೊಳಗೆ ಅನುಯಾಯಿ ತನಗಾಗಿ ಯಾವ ಜಾಗ ಮಾಡಿಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಇಂದಿನ ಹಾವೇರಿ ಜಿಲ್ಲೆಯ ಗುತ್ತಲದಿಂದ ಆಳಿದ ಗುತ್ತರು ಕಲ್ಯಾಣ ಚಾಲುಕ್ಯರಿಗೂ ಮುಂದೆ ಸೇವುಣರಿಗೂ ಮಾಂಡಲಿಕರಾಗಿದ್ದು, ತಮ್ಮ ವಂಶವನ್ನು ಉಜ್ಜಯಿನಿಯ ಚಂದ್ರಗುಪ್ತನಿಗೆ ಜೋಡಿಸಿಕೊಂಡದ್ದು ಅಧಿಕಾರಕ್ಕೆ ಅಂದೂ ಬಿಂಬ ಬೇಕಾಗಿತ್ತೆಂಬುದನ್ನು ತೋರಿಸುತ್ತದೆ. ಆಳಿನ ನಿಷ್ಠೆಯನ್ನು ಜೋಳವಾಳಿ, ಅಂದರೆ ಉಂಡ ಅನ್ನದ ಋಣ ತೀರಿಸುವ ಬದ್ಧತೆ, ಎಂದೂ ವೇಳೆವಾಳಿ, ಅಂದರೆ ಒಡೆಯನಿಗಾಗಿ ಪ್ರಾಣ ಬಿಡುವ ಪ್ರತಿಜ್ಞೆ, ಎಂದೂ ಕರೆಯುತ್ತಿದ್ದರು. ಹೊಯ್ಸಳ ಇಮ್ಮಡಿ ಬಲ್ಲಾಳನೊಡನೆ ಮಡಿದ ಕುವರಲಕ್ಷ್ಮನ ಹಳೇಬೀಡಿನ ಸ್ತಂಭಶಾಸನ ಇದಕ್ಕೆ ಪ್ರಸಿದ್ಧ ಸಾಕ್ಷ್ಯ. ಮೂರು ಹಂತಗಳ ವೀರಗಲ್ಲಿನಲ್ಲಿ ಕೆಳಗೆ ಕಾದುವವನೂ ನಡುವೆ ಅಪ್ಸರೆಯರೊಡನೆ ಸಾಗುವವನೂ ಮೇಲೆ ಲಿಂಗಸನ್ನಿಧಿಯಲ್ಲಿ ಕೂತವನೂ ಮಡಿದ ವೀರನೇ ಆಗಿದ್ದು, ಒಡೆಯನು ಸಾಮಾನ್ಯವಾಗಿ ಬರಹದಲ್ಲಷ್ಟೇ ಬರುತ್ತಾನೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ವೃತ್ತಗಳಲ್ಲಿ ಹುಟ್ಟುಹಬ್ಬಕ್ಕೋ ಜಾತ್ರೆಗೋ ಕಟ್ಟುವ ಫ್ಲೆಕ್ಸಿನಲ್ಲಿ ಈ ಪ್ರಮಾಣ ತಲೆಕೆಳಗಾಗಿದೆ: ನಾಯಕನ ಮುಖ ಹಲಗೆಯನ್ನು ತುಂಬಿದರೆ, ‘ಶುಭ ಕೋರುವವರು’ ಕೆಳಸಾಲಿನ ಚಿಕ್ಕ ಭಾವಚಿತ್ರಗಳಾಗುತ್ತಾರೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ ವಿವರಿಸಿದ ಏಕಮುಖ ಆಪ್ತತೆ, ಎಂದರೆ ತೆರೆಯ ಮೇಲಿನ ವ್ಯಕ್ತಿ ತನ್ನನ್ನು ಅರಿಯದಿದ್ದರೂ ನೋಡುಗನಲ್ಲಿ ಬೆಳೆಯುವ ಸ್ನೇಹಭಾವ, ಇಲ್ಲಿನ ಮನಃಸ್ಥಿತಿಯನ್ನು ಭಾಗಶಃ ಮಾತ್ರ ವಿವರಿಸುತ್ತದೆ. ಏಕೆಂದರೆ ಆ ಚಿಕ್ಕ ಚಿತ್ರವನ್ನು ನಾಯಕ ನೋಡುವುದಕ್ಕಿಂತ ಊರಿನವರು ನೋಡುವುದು ಮುಖ್ಯ. ವರ್ಗಾವಣೆಗೋ ಕೊಳವೆಬಾವಿಗೋ ಶಾಸಕರ ಮನೆಬಾಗಿಲು ತಟ್ಟಬಲ್ಲವನು ಯಾರೆಂಬುದನ್ನು ಅದು ಸಾರುತ್ತದೆ. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದರೂ ಅವು ಮರೆಯಾಗದಿರುವುದಕ್ಕೆ ಅಗ್ಗದ ಮುದ್ರಣದಷ್ಟೇ ಈ ಸ್ಥಳೀಯ ಪ್ರತಿಷ್ಠೆಯೂ ಕಾರಣವೆನ್ನಬಹುದು.

ಇದೇ ಜಿಲ್ಲೆಯ ಹಿರೇಕೆರೂರು ಕ್ಷೇತ್ರ ಈ ವಾದಕ್ಕೊಂದು ಪರೀಕ್ಷೆ. ಪೊಲೀಸ್ ಅಧಿಕಾರಿಯಾಗಿದ್ದು ಚಿತ್ರನಟರಾದ ಬಿ.ಸಿ. ಪಾಟೀಲರು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ಪಕ್ಷ ಬದಲಿಸಿ 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದಲೂ ಗೆದ್ದರು. ಬೆಂಬಲದ ಒಂದು ಪಾಲು ಪಕ್ಷಕ್ಕಿಂತ ವ್ಯಕ್ತಿಗೆ ಅಂಟಿತ್ತೆಂದು ಇದರಿಂದ ಊಹಿಸಬಹುದು. ಆದರೆ 2023ರಲ್ಲಿ, ಹಿಂದೆ ಬಿಜೆಪಿಯಲ್ಲಿದ್ದು ಕಾಂಗ್ರೆಸ್ಸಿಗೆ ಬಂದ ಯು.ಬಿ. ಬಣಕಾರರ ಎದುರು ಅವರು ಸೋತರು. ಸೋಲಿಗೆ ಹಲವು ಕಾರಣಗಳಿರಬಹುದಾದರೂ, ತೆರೆಯ ಖ್ಯಾತಿ ಬೆಂಬಲವನ್ನು ಶಾಶ್ವತಗೊಳಿಸುವುದಿಲ್ಲವೆಂಬುದಂತೂ ನಿಚ್ಚಳ.

ವೇಳೆವಾಳಿಯ ಪ್ರತಿಜ್ಞೆಗೆ ಸಾವೇ ಕೊನೆಯಾಗಿದ್ದರೆ, ಫ್ಲೆಕ್ಸಿನ ನಿಷ್ಠೆ ಪ್ರತಿ ಹುಟ್ಟುಹಬ್ಬಕ್ಕೂ ಹೊಸದಾಗಬೇಕಾದ ಒಪ್ಪಂದ. ಅದನ್ನು ಕುರುಡು ಭಕ್ತಿಯೆಂದು ಕರೆದರೆ ಅನುಯಾಯಿಯ ಲೆಕ್ಕಾಚಾರವೂ ನಾಯಕನ ಪರಾವಲಂಬನೆಯೂ ಕಣ್ಣಿಗೆ ಬೀಳುವುದಿಲ್ಲ.