ಬೆಳಿಗ್ಗೆ ಸ್ಕೂಬಾ ಡೈವಿಂಗ್, ಮಧ್ಯಾಹ್ನ ವಿಮಾನ: ಇದು ಸುರಕ್ಷಿತವೇ?

ಮಾಲ್ಡೀವ್ಸ್‌ನಲ್ಲಿ ನೀರಿನ ಮೇಲಿನ ವಿಲ್ಲಾ, ಸೀಪ್ಲೇನ್ ಪ್ರಯಾಣ, ದಿನಕ್ಕೆರಡು ಡೈವ್. ಲಕ್ಷಗಟ್ಟಲೆ ಖರ್ಚು ಮಾಡಿ ಹೋದವರಿಗೆ ಕೊನೆಯ ದಿನವನ್ನೂ ವ್ಯರ್ಥ ಮಾಡಲು ಮನಸ್ಸಾಗದು. ‘ಬೆಳಿಗ್ಗೆ ಒಂದು ಡೈವ್ ಮುಗಿಸಿ ಮಧ್ಯಾಹ್ನ ವಿಮಾನ ಹತ್ತಿದರಾಯಿತು, ಚೆನ್ನಾಗಿ ನೀರು ಕುಡಿದರೆ ಏನೂ ಆಗದು’ ಎಂದು ಹೇಳುವವರೂ ಇದ್ದಾರೆ. ಇದು ನಿಜವೇ?

ಚಿಕ್ಕ ಉತ್ತರ: ಅಲ್ಲ. ಇದು ಅಪಾಯಕಾರಿ.

ದೇಹದೊಳಗೆ ಏನಾಗುತ್ತದೆ?

ಡೈವರ್ ಬೆನ್ನಿಗಿರುವುದು ‘ಆಕ್ಸಿಜನ್ ಸಿಲಿಂಡರ್’ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ಸುಮಾರು ಶೇ 78ರಷ್ಟು ನೈಟ್ರೋಜನ್. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತದೆ, 20 ಮೀಟರ್‌ನಲ್ಲಿ ಮೂರು ಪಟ್ಟು. ಒತ್ತಡ ಹೆಚ್ಚಿದಂತೆ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚು ನೈಟ್ರೋಜನ್ ಕರಗುತ್ತದೆ. ಮೇಲೆ ಬಂದ ಮೇಲೂ ಅದು ಪೂರ್ತಿ ಹೊರಹೋಗಲು ಹಲವು ಗಂಟೆಗಳು ಬೇಕು.

ವಿಮಾನ ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ಒತ್ತಡ ಇಳಿದಾಗ ಉಳಿದಿದ್ದ ನೈಟ್ರೋಜನ್ ದೇಹದೊಳಗೇ ಗುಳ್ಳೆಗಟ್ಟಬಹುದು. ಇದೇ ಡಿಕಂಪ್ರೆಷನ್ ಕಾಯಿಲೆ. ಕೀಲುನೋವು, ಜೋಮು, ತಲೆಸುತ್ತು, ವಿಪರೀತ ಸುಸ್ತು ಇದರ ಲಕ್ಷಣಗಳು. ತೀವ್ರವಾದರೆ ಪಾರ್ಶ್ವವಾಯು ಬರಬಹುದು, ಜೀವಕ್ಕೂ ಅಪಾಯ. ನೀರು ಕುಡಿಯುವುದು ಒಳ್ಳೆಯದೇ, ಆದರೆ ಅದು ಕಾಯುವ ಸಮಯಕ್ಕೆ ಬದಲಿಯಲ್ಲ.

ಎಷ್ಟು ಹೊತ್ತು ಕಾಯಬೇಕು?

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಮಾರ್ಗಸೂಚಿ ಹೀಗಿದೆ:

• ಒಂದೇ ಒಂದು ಸಾಮಾನ್ಯ ಡೈವ್ ಮಾಡಿದ್ದರೆ: ಕನಿಷ್ಠ 12 ಗಂಟೆ
• ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ: ಕನಿಷ್ಠ 18 ಗಂಟೆ
• ಮೇಲೇರುವಾಗ ಕಡ್ಡಾಯವಾಗಿ ನಿಲ್ಲಬೇಕಾದಂಥ ಡಿಕಂಪ್ರೆಷನ್ ಡೈವ್ ಆಗಿದ್ದರೆ: 18 ಗಂಟೆಗಿಂತ ಸಾಕಷ್ಟು ಹೆಚ್ಚು

ರಜೆಗೆ ಹೋದವರು ಸುಲಭವಾಗಿ 24 ಗಂಟೆ ಎಂದು ನೆನಪಿಟ್ಟುಕೊಂಡರೆ ಕ್ಷೇಮ.

ಹಾಗಾದರೆ ಪ್ಲ್ಯಾನ್ ಹೇಗೆ?

ವಾಪಸ್ ವಿಮಾನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಭಾನುವಾರ ಸಂಜೆ 5ಕ್ಕೆ ಮಾಲೆಯಿಂದ ವಿಮಾನವಿದ್ದರೆ ಶನಿವಾರ ಮಧ್ಯಾಹ್ನದೊಳಗೆ ಕೊನೆಯ ಡೈವ್ ಮುಗಿಯಲಿ. ಆದರೆ ದೂರದ ದ್ವೀಪದಲ್ಲಿದ್ದರೆ ಲೆಕ್ಕ ಶುರುವಾಗುವುದು ಸೀಪ್ಲೇನ್ ಹೊರಡುವ ಸಮಯದಿಂದ, ಏಕೆಂದರೆ ಅದೂ ವಿಮಾನವೇ. ಅವು ಹಗಲಿನಲ್ಲಷ್ಟೇ ಹಾರುವುದರಿಂದ ನಿಮ್ಮ ಸೀಪ್ಲೇನ್ ಬೆಳಿಗ್ಗೆಯೇ ಇರಬಹುದು. ಮಾಲೆಗೆ ಹತ್ತಿರದ ರೆಸಾರ್ಟ್ ಆದರೆ ಸ್ಪೀಡ್‌ಬೋಟ್ ಸಾಕು. ಕೊನೆಯ ದಿನವನ್ನು ಸ್ನಾರ್ಕೆಲಿಂಗ್‌ಗೆ ಇಡಿ. ಮಂಟಾ ರೇ ಮೀನುಗಳಿಗೆ ಹೆಸರಾದ ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ಹೇಗೂ ಸ್ಕೂಬಾ ನಿಷಿದ್ಧ, ಸ್ನಾರ್ಕೆಲಿಂಗ್ ಮಾತ್ರ.

ಹಣ ಕಟ್ಟುವ ಮುನ್ನ ಇಷ್ಟನ್ನು ಕೇಳಿ: ಹತ್ತಿರದ ಡಿಕಂಪ್ರೆಷನ್ ಚೇಂಬರ್ ಎಲ್ಲಿದೆ? ನಿಮ್ಮ ಪ್ರಯಾಣ ವಿಮೆಯಲ್ಲಿ ಸ್ಕೂಬಾ, ಚೇಂಬರ್ ಚಿಕಿತ್ಸೆ ಮತ್ತು ತುರ್ತು ಸಾಗಣೆ ಸೇರಿವೆಯೇ? ಎಷ್ಟು ಆಳದವರೆಗೆ? ಮಾಲ್ಡೀವ್ಸ್‌ನಲ್ಲಿ ಮನರಂಜನಾ ಡೈವಿಂಗ್‌ಗೆ 30 ಮೀಟರ್ ಮಿತಿಯಿದೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಸಮಸ್ಯೆ ಇರುವವರು ಹೊರಡುವ ಮುನ್ನವೇ ವೈದ್ಯರನ್ನು ಕಾಣಿ. ಗರ್ಭಿಣಿಯರು ಡೈವ್ ಮಾಡಬಾರದು.

ಲಕ್ಷಣ ಕಂಡರೆ?

ಡೈವ್ ಮುಗಿದು ಗಂಟೆಗಳ ನಂತರವೂ ಕಾಣಿಸಬಹುದು. ‘ಸುಸ್ತು ಅಷ್ಟೇ’ ಎಂದು ಮಲಗಬೇಡಿ, ವಿಮಾನ ಹತ್ತಬೇಡಿ, ಮತ್ತೆ ನೀರಿಗಿಳಿಯಬೇಡಿ. ಕೂಡಲೇ ಡೈವ್ ಸೆಂಟರ್‌ಗೆ ತಿಳಿಸಿ. ಶುದ್ಧ ಆಕ್ಸಿಜನ್ ಮೊದಲ ಉಪಚಾರ, ಚೇಂಬರ್‌ನಲ್ಲಿ ಮುಖ್ಯ ಚಿಕಿತ್ಸೆ.

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಡೈವ್ ಮಾಡಿ ಗೋವಾದಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತುವವರಿಗೂ ಇದೇ ನಿಯಮ. ರೆಸಾರ್ಟ್ ಎಷ್ಟು ದುಬಾರಿಯಾದರೂ ನೈಟ್ರೋಜನ್ ಹೊರಹೋಗಲು ಬೇಕಾದ ಸಮಯ ಕಡಿಮೆಯಾಗದು. ರಜೆಗೆ ಹೊರಟ ಗೆಳೆಯರಿದ್ದರೆ ಇದನ್ನು ಅವರಿಗೂ ಕಳುಹಿಸಿ.