ಕುಂದಗೋಳದ ಸುಭದ್ರೆ, ಅದರಗುಂಚಿಯ ಮೈನಾ

ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ 1939ರಲ್ಲಿ ತೆಗೆದ ‘ಮಾಣೂಸ್’ ಚಿತ್ರವನ್ನು ನೆನೆಯುವವರು ಮೊದಲು ನೆನೆಯುವುದು ಅದರ ನಾಯಕಿ ಮೈನಾಳನ್ನು. ಆ ಪಾತ್ರ ಮಾಡಿದ ಶಾಂತಾ ಹುಬ್ಳೀಕರ್ ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿಯ ಸೆರಗಿನಲ್ಲಿ ಕುಂದಗೋಳ ಸೀಮೆಗೆ ಹತ್ತಿರವಿರುವ ಅದರಗುಂಚಿಯಲ್ಲಿ. ಮನೆಯಲ್ಲಿಟ್ಟ ಹೆಸರು ರಾಜಮ್ಮ. ಧಾರವಾಡ ಜಿಲ್ಲೆಯ ಕಲಾಚರಿತ್ರೆ ಹೇಳುವಾಗ ನಾವು ಗವಾಯಿಗಳ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತೇವೆ. ಈಕೆಯನ್ನು ಮಾತ್ರ ಮರಾಠಿ ಸಿನಿಮಾದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಈ ಲೆಕ್ಕ ತಪ್ಪು. ಶಾಂತಾ ಹುಬ್ಳೀಕರ್ ಪುಣೆಯ ಸ್ಟುಡಿಯೋದಲ್ಲಿ ತಾರೆಯಾದರು ನಿಜ, ಆದರೆ ಅಂಥ ನಟಿಯೊಬ್ಬಳು ಬರಲು ಬೇಕಾದ ಹದವನ್ನು ಈ ಎರೆಮಣ್ಣಿನ ಊರುಗಳು ಅದಕ್ಕೂ ಮೂವತ್ತು ವರ್ಷ ಮೊದಲೇ ಮಾಡಿಟ್ಟಿದ್ದವು.

ಮಾಡಿಟ್ಟವರಲ್ಲಿ ಮೊದಲಿಗರು ಒಬ್ಬ ಗಂಡಸು ಎಂಬುದೇ ಇಲ್ಲಿನ ಸ್ವಾರಸ್ಯ. ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಲ್ಲಿ ವರ್ಷಗಟ್ಟಲೆ ಕಲಿತು, ಮರಾಠಿ ಸಂಗೀತ ನಾಟಕ ಮಂಡಳಿ ಸೇರಿ, ಸೀರೆಯುಟ್ಟು ಸುಭದ್ರೆಯಾಗಿ ನಿಂತರು. ಮರಾಠಿ ರಂಗದ ಸ್ತ್ರೀಪಾತ್ರಧಾರಿ ಬಾಲಗಂಧರ್ವರ ಕೀರ್ತಿ ಉತ್ತುಂಗಕ್ಕೇರಿದ್ದ ಆ ದಿನಗಳಲ್ಲೇ ಜನ ಇವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಕೊಟ್ಟರು. ಅವರ ಕಂಠವಾದರೂ ಹುಟ್ಟಾ ಮಧುರವಲ್ಲ, ರಿಯಾಜಿನಿಂದ ಒಲಿಸಿಕೊಂಡದ್ದು. ಮೈಕು ಇಲ್ಲದ ಕಾಲ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೆ ನಟಿಯ ಹುಬ್ಬು ಕುಣಿದದ್ದು ಕಾಣುತ್ತಿರಲಿಲ್ಲ, ಅವನ ತನಕ ಮುಟ್ಟುತ್ತಿದ್ದದ್ದು ದನಿಯೊಂದೇ. ಒಂದು ಪದಕ್ಕೆ ‘ಒನ್ಸ್‌ಮೋರ್’ ಬಿದ್ದರೆ ಕಥೆ ನಿಲ್ಲಿಸಿ ಮತ್ತೆ ಹಾಡಬೇಕು. ಪಾತ್ರ ಯಾರಿಗೆ ಎಂಬುದನ್ನು ಗಂಟಲು ತೀರ್ಮಾನಿಸುವ ಇಂಥ ರಂಗದಲ್ಲಿ ಮೈ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ರಾಮಭಾವು ಬಣ್ಣ ಬಿಟ್ಟು ಊರಿಗೆ ಮರಳಿದ ಮೇಲೆ ಕುಂದಗೋಳ ಒಂದು ಪಾಠಶಾಲೆಯೇ ಆಯಿತು. 1913ರಲ್ಲಿ ಹುಟ್ಟಿದ, ಎಂದರೆ ರಾಜಮ್ಮನಿಗಿಂತ ಒಂದೇ ವರ್ಷ ಹಿರಿಯರಾದ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದರು. ಗುರುಗಳು ಒಂದು ಸಣ್ಣ ಸ್ವರಪುಂಜ ಕೊಟ್ಟರೆ ಅದು ಕೂಡುವವರೆಗೆ ಮುಂದಿನದು ಇಲ್ಲ. ಭೀಮಸೇನ ಜೋಶಿ ಗುರುಗಳ ಮನೆಗೆ ನೀರು ಹೊತ್ತು ಕಲಿತದ್ದೂ ಇಲ್ಲಿಯೇ. ನನ್ನ ವಾದಕ್ಕೆ ಇವರೆಲ್ಲರಿಗಿಂತ ಹೆಚ್ಚು ಒದಗುವ ಶಿಷ್ಯ ಮುಂಬೈಯ ಪಾರ್ಸಿ ಫಿರೋಜ್ ದಸ್ತೂರ್. 1933ರ ‘ಲಾಲ್-ಎ-ಯಮನ್’ ಟಾಕಿಯಲ್ಲಿ ನಟಿಸಿ ಹಾಡಿದ ಹುಡುಗ, ಮುಂದೆ ಸವಾಯಿ ಗಂಧರ್ವರ ಶಿಷ್ಯನಾದ. ಟಾಕಿಗೂ ಕುಂದಗೋಳದ ಗುರುವಿಗೂ ನಡುವೆ ಗೋಡೆಯೇನೂ ಇರಲಿಲ್ಲ. 1931ರಲ್ಲಿ ‘ಆಲಂ ಆರಾ’, ಮರುವರ್ಷ ಪ್ರಭಾತ್‌ನ ‘ಅಯೋಧ್ಯೇಚಾ ರಾಜಾ’ ಬಂದಾಗ ಸಿನಿಮಾಕ್ಕೆ ತುರ್ತಾಗಿ ಬೇಕಾದದ್ದು ಹಾಡಬಲ್ಲ ನಟರು. ಕಂಪನಿ ನಾಟಕದ ದಾರಿಯಿಂದಲೇ ಶಾಂತಾ ಹುಬ್ಳೀಕರ್ ಅಲ್ಲಿಗೆ ಹೋದರು. ಬೀಳಗಿಯ ಅಮೀರಬಾಯಿ ಕರ್ನಾಟಕಿಯದೂ ಹೆಚ್ಚುಕಡಿಮೆ ಇದೇ ಹಾದಿ.

ದನಿಯೇ ಎಲ್ಲವೂ ಆಗಿದ್ದರೆ ಸಿನಿಮಾದಲ್ಲೂ ಗಂಡಸರೇ ಸ್ತ್ರೀಪಾತ್ರ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮಾಡಿ ನೋಡಿದ್ದೂ ಉಂಟು. ಬಾಲಗಂಧರ್ವರು 1937ರಲ್ಲಿ ಚಿತ್ರದಲ್ಲಿ ಮೀರಾಬಾಯಿಯಾದರು; ರಂಗದ ಮೇಲೆ ಅವರ ಸೀರೆ, ಮೂಗುತಿ ನೋಡಿ ಮನೆಯ ಹೆಂಗಸರು ಹಾಗೆಯೇ ಉಡಲು ಕಲಿತಿದ್ದ ಪ್ರೇಕ್ಷಕವರ್ಗವೇ ಆ ಚಿತ್ರವನ್ನು ಒಪ್ಪಲಿಲ್ಲ. ಕ್ಯಾಮೆರಾ ಹಿಂದಿನ ಸಾಲಿನವನನ್ನೂ ಮುಖದ ಎದುರಿಗೆ ತಂದು ಕೂರಿಸಿತ್ತು. ಎರಡೇ ವರ್ಷಕ್ಕೆ ಬಂದ ‘ಮಾಣೂಸ್’ನಲ್ಲಿ ಮೈನಾ, ಗಿರಾಕಿಗಳ ನಡುವೆ ಹಲವು ಭಾಷೆ ಬೆರೆಸಿ ನಾಳೆಯ ಮಾತೇಕೆ ಎಂದು ಹಾಡುತ್ತಾಳೆ, ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು. ಹಾಡು ಕಂಪನಿ ನಾಟಕದ ಮಗಳದು, ಆದರೆ ತನ್ನನ್ನು ಪ್ರೀತಿಸುವ ಪೊಲೀಸ್ ಪೇದೆ ಗಣಪತ್‌ನ ತಾಯಿಯ ಎದುರು ನಿಂತಾಗಿನ ಆ ಅಳುಕು, ಕೊನೆಗೆ ತನ್ನ ಮಾವನನ್ನು ಕೊಂದು ಜೈಲಿಗೆ ಹೋಗುವಾಗಿನ ಬಿಗಿ, ಇವು ಬೇರೆಯೇ ವಿದ್ಯೆ. ಇದರ ಶ್ರೇಯಸ್ಸು ನಿರ್ದೇಶಕ ಶಾಂತಾರಾಮರಿಗೂ ಸಲ್ಲಬೇಕು ಎಂಬುದನ್ನು ಒಪ್ಪುತ್ತೇನೆ. ಕುಂದಗೋಳದ ಪರಂಪರೆ ಹಾಡನ್ನು ಕೊಟ್ಟೀತು, ಮೌನವನ್ನು ಅದು ಕಲಿಸಲಿಲ್ಲ.

ಇನ್ನೊಂದು ಆಕ್ಷೇಪ ಭಾಷೆಯದು: ಮರಾಠಿಯಲ್ಲಿ ಹೆಸರು ಮಾಡಿದವರನ್ನು ಕನ್ನಡ ಚರಿತ್ರೆಗೆ ಎಳೆಯುವುದೇಕೆ? ಆದರೆ ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಕುಂದಗೋಳ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿಯ ರೈಲು ಪುಣೆಯ ಕಡೆಗೂ ಓಡುತ್ತಿತ್ತು. ಮನೆಯಲ್ಲಿ ಕನ್ನಡ, ರಂಗದ ಮೇಲೆ ಮರಾಠಿ, ಬೈಠಕ್ಕಿನಲ್ಲಿ ಹಿಂದಿಯ ಚೀಜು ಎಂಬುದು ಇಲ್ಲಿನವರಿಗೆ ದಿನದ ವ್ಯವಹಾರ. ಗುಬ್ಬಿ ವೀರಣ್ಣನವರು ‘ಜೀವನ ನಾಟಕ’ ತೆಗೆದಾಗ ಶಾಂತಾ ಹುಬ್ಳೀಕರ್ ಕನ್ನಡದಲ್ಲೂ ನಟಿಸಿದರು. ಮರಾಠಿ ನಾಟಕದ ಸುಭದ್ರೆಯಾಗಿಯೇ ಬಿರುದು ಪಡೆದ ಸವಾಯಿ ಗಂಧರ್ವರನ್ನು ನಮ್ಮವರೆನ್ನಲು ಅಡ್ಡ ಬಾರದ ಮರಾಠಿ, ಮೈನಾಳಿಗೆ ಮಾತ್ರ ಹೇಗೆ ಅಡ್ಡ ಬಂತು?

ಅಡ್ಡ ಬಂದದ್ದು ಭಾಷೆಯಲ್ಲ, ಹೆಣ್ಣುತನ ಎಂದೇ ನನ್ನ ಗುಮಾನಿ. ಸೀರೆಯುಟ್ಟ ಗಂಡಸು ಬಣ್ಣ ತೊಳೆದರೆ ಪಂಡಿತ. ಅದೇ ಪಾತ್ರ ಮಾಡಿದ ಹೆಣ್ಣಿಗೆ ಬಣ್ಣ ತೊಳೆದ ಮೇಲೂ ‘ನಾಟಕದಾಕಿ’ ಎಂಬ ಮಾತು ತಪ್ಪಲಿಲ್ಲ. ಗಂಗೂಬಾಯಿಯಂಥವರು ದೊಡ್ಡ ಹೋರಾಟದಿಂದ ಆ ಗೆರೆ ದಾಟಿದರು. ಅವರು ಹಿಡಿದದ್ದು ಬೈಠಕ್ಕಿನ ದಾರಿ, ಬಣ್ಣದ್ದಲ್ಲ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷದಿಂದಲೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ನಡೆದುಬಂದಿದೆ, ಕುಂದಗೋಳದ ನಾಡಿಗೇರ ವಾಡೆಯಲ್ಲೂ ಅಹೋರಾತ್ರಿ ಸಂಗೀತ ನಡೆಯುತ್ತದೆ. ಅದು ಆಗಬೇಕಾದದ್ದೇ. ಶಾಂತಾ ಹುಬ್ಳೀಕರ್ ಮುಪ್ಪಿನ ದಿನಗಳನ್ನು ಆಶ್ರಮವೊಂದರಲ್ಲಿ ಕಳೆದು, ಮರಾಠಿಯಲ್ಲಿ ಆತ್ಮಕಥೆ ಬರೆದು, 1992ರಲ್ಲಿ ತೀರಿಕೊಂಡರು. ಧಾರವಾಡ ಜಿಲ್ಲೆಯ ರಂಗಚರಿತ್ರೆಯನ್ನು ಮುಂದೆ ಬರೆಯುವವರು ಆ ಆತ್ಮಕಥೆಯನ್ನು ಓದಿಕೊಂಡು, ಈ ನಟಿಯನ್ನು ಕುಂದಗೋಳದ ಸುಭದ್ರೆಯ ಅಧ್ಯಾಯದಲ್ಲೇ ಸೇರಿಸಬೇಕು.