ಅಲ್ ಜಾಹಿಜನ ಪ್ರಾಣಿಗ್ರಂಥ

ಗ್ರೀಕರ ಶಾಸ್ತ್ರಗಳನ್ನು ಅರಬರು ಕಾಪಾಡಿ ಯುರೋಪಿಗೆ ಒಪ್ಪಿಸಿದರೆಂಬ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣಬರುತ್ತದೆ. ಮಾತೇನೋ ಸುಳ್ಳಲ್ಲ, ಆದರೆ ಅರಬ ಪಂಡಿತರು ಪರರ ನಿಕ್ಷೇಪವನ್ನು ಕಾಯ್ದ ಭಂಡಾರಿಗಳು ಮಾತ್ರವೆಂಬ ಭಾವನೆ ಅದರಿಂದ ಹುಟ್ಟುವುದುಂಟು. ಆ ಭಾವನೆಯು ಎಷ್ಟು ಅಪೂರ್ಣವೆಂಬುದಕ್ಕೆ ಒಂಬತ್ತನೆಯ ಶತಮಾನದ 'ಕಿತಾಬ್ ಅಲ್ ಹಯವಾನ್', ಎಂದರೆ 'ಪ್ರಾಣಿಗಳ ಪುಸ್ತಕ'ವೇ ಸಾಕ್ಷಿಯಾಗಿದೆ.

ಇದರ ಕರ್ತೃವು ಸುಮಾರು ಕ್ರಿ. ಶ. 776ರಲ್ಲಿ ಬಸ್ರಾ ನಗರದ ಬಡ ಮನೆತನವೊಂದರಲ್ಲಿ ಜನಿಸಿದನು. ಹೆಸರು ಅಬು ಉಸ್ಮಾನ್ ಅಮ್ರ್ ಇಬ್ನ್ ಬಹ್ರ್. ಕಣ್ಣಾಲಿಗಳು ಮುಂದಕ್ಕೆ ಉಬ್ಬಿದ್ದುದರಿಂದ ಜನರು ಅವನನ್ನು 'ಅಲ್ ಜಾಹಿಜ್' ಎಂದು ಕರೆದರು; ಆ ಅಡ್ಡಹೆಸರೇ ಶಾಶ್ವತವಾಯಿತು. ಪುಸ್ತಕದಂಗಡಿಗಳನ್ನು ರಾತ್ರಿಯ ಹೊತ್ತಿಗೆ ಬಾಡಿಗೆಗೆ ಹಿಡಿದು, ಅಲ್ಲಿಯೇ ಕುಳಿತು ಓದುತ್ತಿದ್ದನೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಮುಂದೆ ಬಾಗದಾದಿನಲ್ಲಿ ಕೀರ್ತಿಶಾಲಿಯಾಗಿ, ವಾರ್ಧಕ್ಯದಲ್ಲಿ ಬಸ್ರಾಕ್ಕೆ ಹಿಂತಿರುಗಿ, ತೊಂಬತ್ತು ವರ್ಷಗಳನ್ನು ಮೀರಿ ಬಾಳಿ, 868ರ ಅಂತ್ಯದಲ್ಲಿಯೋ 869ರ ಆದಿಯಲ್ಲಿಯೋ ತೀರಿಕೊಂಡನು.

ಗ್ರಂಥವು ಏಳು ಸಂಪುಟಗಳಷ್ಟು ದೊಡ್ಡದು. ಅದನ್ನು ಅವನು ಮಂತ್ರಿಯಾದ ಇಬ್ನ್ ಅಲ್ ಜಯ್ಯಾತನಿಗೆ ಅರ್ಪಿಸಿದನು. ಇದು ಇಂದಿನ ರೀತಿಯ ವರ್ಗೀಕರಣಶಾಸ್ತ್ರವಲ್ಲ. ಕವಿವಾಣಿ, ಗಾದೆ, ಧರ್ಮಚರ್ಚೆ, ಹಾಸ್ಯ ಇವೆಲ್ಲವೂ ಇಲ್ಲಿ ಒಂದರೊಡನೊಂದು ಬೆರೆತಿವೆ. ನಾಯಿ ಮೇಲೋ ಹುಂಜ ಮೇಲೋ ಎಂಬ ವಾದವೇ ನೂರಾರು ಪುಟಗಳವರೆಗೆ ಸಾಗುತ್ತದೆ. ಆದರೆ ಈ ವಿನೋದದ ಒಳಗೆ ಗಂಭೀರವಾದ ದೃಷ್ಟಿಯೊಂದಿದೆ. ದುರ್ಬಲವಾದ ಪ್ರಾಣಿಯನ್ನು ಬಲವುಳ್ಳದ್ದು ತಿನ್ನುತ್ತದೆ. ತಿಂದದ್ದು ತಾನೂ ಮತ್ತೊಂದಕ್ಕೆ ಆಹಾರವಾಗುತ್ತದೆ. ಆಹಾರವನ್ನರಸಿ ಬಿಲದಿಂದ ಹೊರಟ ಇಲಿಯು ತನಗಿಂತ ಚಿಕ್ಕದನ್ನು ಹಿಡಿಯುತ್ತದೆ. ಅದಕ್ಕಾಗಿ ಹಾವು ಹೊಂಚುತ್ತಿರುತ್ತದೆ. ಸೊಳ್ಳೆಯಂತಹ ಕ್ಷುದ್ರಜೀವಿಯೂ ಈ ಸರಪಣಿಯ ಹೊರಗಿಲ್ಲ. 1859ರಲ್ಲಿ ಡಾರ್ವಿನ್ ಪ್ರಕಟಿಸಿದ ತತ್ತ್ವವೇ ಇದೆಂದು ಕೆಲವರು ಹೊಗಳುವುದುಂಟು. ಅದು ಅತಿಶಯೋಕ್ತಿ. ಸೃಷ್ಟಿಯ ಅತಿ ಸಣ್ಣ ವಸ್ತುವಿನಲ್ಲಿಯೂ ಕರ್ತೃವಿನ ಜ್ಞಾನವನ್ನು ತೋರಿಸುವುದೇ ಜಾಹಿಜನ ಉದ್ದೇಶವಾಗಿತ್ತು.

ಅವನ ನಿಜವಾದ ಹಿರಿಮೆಯಿರುವುದು ಸಂಶಯಬುದ್ಧಿಯಲ್ಲಿ. ಅರಿಸ್ಟಾಟಲನಲ್ಲಿ ಅವನಿಗೆ ಗೌರವವಿತ್ತು. ಆದರೂ ಆ ಮಹಾಪಂಡಿತನ ಹೆಸರಿನಲ್ಲಿ ಬಂದುದೆಲ್ಲವನ್ನೂ ಅವನು ಒಪ್ಪಲಿಲ್ಲ. ಎರಡು ತಲೆಯ ಹಾವಿನ ಸುದ್ದಿಯನ್ನು ಓದಿ, ಅದನ್ನು ಬಲ್ಲೆನೆಂದ ಒಬ್ಬ ಮರುಭೂಮಿವಾಸಿಯನ್ನು ಪ್ರಶ್ನಿಸಿದನು: ಅದು ಯಾವ ಕಡೆಗೆ ಹರಿಯುತ್ತದೆ? ಯಾವ ಬಾಯಿಂದ ತಿನ್ನುತ್ತದೆ? ಹರಿಯುವುದಿಲ್ಲ, ಹೊರಳುತ್ತದೆ, ಒಂದು ಬಾಯಿಂದ ಹಗಲೂಟ, ಇನ್ನೊಂದರಿಂದ ರಾತ್ರಿಯೂಟ ಎಂದು ಉತ್ತರ ಬಂತು. ಇವನಿಗಿಂತ ದೊಡ್ಡ ಸುಳ್ಳುಗಾರನಿಲ್ಲವೆಂದು ಜಾಹಿಜನು ನಿರ್ಣಯಿಸಿದನು.

ಪರೀಕ್ಷಕನಿಗೂ ಪರೀಕ್ಷೆ ತಪ್ಪಲಿಲ್ಲ. ಖಡ್ಗಮೃಗವು ಏಳು ವರ್ಷ ಗರ್ಭವನ್ನು ಧರಿಸುತ್ತದೆ, ಮರಿಯು ಗರ್ಭದಿಂದ ತಲೆಯನ್ನು ಹೊರಚಾಚಿ ಮೇದು ಮತ್ತೆ ಒಳಸೇರುತ್ತದೆ ಎಂದು ಜಾಹಿಜನು ಬರೆದಿದ್ದನೆಂದು ಹತ್ತನೆಯ ಶತಮಾನದ ಅಲ್ ಮಸೂದಿ ತಿಳಿಸುತ್ತಾನೆ. ಈ ಮಸೂದಿಯು ಸುಮಾರು 915ರಲ್ಲಿ ಖಂಭಾತಿಗೆ ಬಂದಿದ್ದವನು. ಆಗ ಆ ಪಟ್ಟಣವು 'ಬಲ್ಹರಾ' ಎಂಬ ಅರಸನಿಗೆ, ಎಂದರೆ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರಿಗೆ, ಅಧೀನವಾಗಿದ್ದಿತೆಂದು ಅವನೇ ಬರೆದಿದ್ದಾನೆ. ಹಿಂದೂದೇಶಕ್ಕೆ ಹೋಗಿಬರುತ್ತಿದ್ದ ಸೀರಾಫ್ ಮತ್ತು ಓಮಾನಿನವರನ್ನೂ, ಇಲ್ಲಿ ಕಂಡ ವರ್ತಕರನ್ನೂ ಅವನು ಆ ವಿಷಯವಾಗಿ ವಿಚಾರಿಸಿದನು. ಪ್ರಶ್ನೆಯನ್ನು ಕೇಳಿಯೇ ಅವರೆಲ್ಲರೂ ಬೆರಗಾದರು. ಆ ಮೃಗವು ಹಸು ಎಮ್ಮೆಗಳಂತೆಯೇ ಗರ್ಭ ಧರಿಸಿ ಈಯುತ್ತದೆ ಎಂದರು.

ಜಾಹಿಜನು ಅರಿಸ್ಟಾಟಲನ ಗ್ರಂಥಕ್ಕೆ ಮಾಡಿದುದನ್ನೇ ಮಸೂದಿಯು ಜಾಹಿಜನ ಗ್ರಂಥಕ್ಕೆ ಮಾಡಿದನು. ಇದರಿಂದ ಹಿರಿಯರ ಗೌರವಕ್ಕೆ ಕುಂದು ಬರಲಿಲ್ಲ. ಅರಬರು ಇಂದಿಗೂ ಜಾಹಿಜನನ್ನು ತಮ್ಮ ಗದ್ಯದ ಆಚಾರ್ಯನೆಂದೇ ಎಣಿಸುತ್ತಾರೆ. ಪೂರ್ವಿಕರ ಮಾತನ್ನು ಆದರದಿಂದ ಓದುವುದೂ, ಕಂಡವರನ್ನು ಕೇಳಿ ಅದನ್ನು ತಿದ್ದುವುದೂ ಒಂದೇ ವಿದ್ಯೆಯ ಎರಡು ಕೈಗಳು. ಅವುಗಳಲ್ಲಿ ಒಂದನ್ನು ಕಳೆದುಕೊಂಡ ಪಾಂಡಿತ್ಯವು ಬಹುಕಾಲ ಬಾಳಲಾರದು.